ಎಮ್ಮೆ ಓಡಿಸುತ್ತಿದ್ದ ಬ್ರೇಕು

ದನದ ದವಾಖಾನೆಯಲ್ಲಿ ನೌಕರಿ ಮಾಡಿದವನಿಗೆ ನಗುವಿಗೇನೂ ಬರ ಇರುವುದಿಲ್ಲ. ದನ ಸುಮ್ಮನಿದ್ದರೆ ಅದರ ಯಜಮಾನ ಸುಮ್ಮನಿರುವುದಿಲ್ಲ. ಇಬ್ಬರೂ ಸುಮ್ಮನಿದ್ದರೆ ನನ್ನ ಸೈಕಲ್ಲು ಸುಮ್ಮನಿರುತ್ತಿರಲಿಲ್ಲ. ಎಪ್ಪತ್ತರ ದಶಕದ ಕೊನೆಗೆ ಕನಕಗಿರಿಯಲ್ಲಿದ್ದೆ. ಹಳ್ಳಿಹಳ್ಳಿಗೆ ಸೈಕಲ್ ತುಳಿದು ದನಗಳಿಗೆ ಸೂಜಿ ಹಾಕುವುದು ನನ್ನ ಕೆಲಸ.

ಕೂಗು

ಸೈಕಲ್ಲಿಗೆ ಹಳೆಯ ಸರಳಿನ ಬ್ರೇಕು. ಹಿಡಿದರೆ ಸಾಕು, ಕಿರ್ರೋ ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತಿತ್ತು. ಹುಲಿಹೈದರ ಎಂಬ ಹಳ್ಳಿಯ ಅಗಸಿ ಬಾಗಿಲಲ್ಲಿ ಒಮ್ಮೆ ಹಿಡಿದರೆ ಜನ ತಾವಾಗಿ ಹೊರಗೆ ಬರುತ್ತಿದ್ದರು, ಡಂಗುರ ಬೇಕಿರಲಿಲ್ಲ. ಆದರೆ ಬರಬರುತ್ತ ಎಮ್ಮೆಗಳಿಗೂ ಗುಟ್ಟು ತಿಳಿಯಿತು: ಈ ಕೂಗಿನ ಹಿಂದೆಯೇ ಸೂಜಿ ಬರುತ್ತದೆ. ಜನ ಹೊರಬರುವಷ್ಟರಲ್ಲಿ ಅವು ಕಣ್ಣಿ ಹರಿದುಕೊಂಡು ಹಳ್ಳದ ಕಡೆ ಓಡುತ್ತಿದ್ದವು.

ಮಳೆಗಾಲದ ಮೊದಲು ಗಂಟಲು ಬೇನೆಯ ಸೂಜಿ ಆಗಲೇಬೇಕು, ಇಲ್ಲದಿದ್ದರೆ ಕೊಟ್ಟಿಗೆಗಳೇ ಖಾಲಿಯಾಗುತ್ತವೆ. ನನಗೆ ನಿಜವಾಗಿಯೂ ಚಿಂತೆ ಹತ್ತಿತು. ಎಮ್ಮೆಯ ಹಿಂದೆ ಓಡಿ ಸೋತ ಅಜ್ಜಿಯೊಬ್ಬಳು ಕಟ್ಟೆಯ ಮೇಲೆ ಕುಸಿದು ಕೂತು, “ಡಾಕ್ಟ್ರ, ನಿಮ್ಮನ್ನ ಬ್ಯಾಡನ್ನಂಗಿಲ್ಲ. ಸೈಕಲ್ ಅಷ್ಟ ಊರ ಹೊರಗ ಇಟ್ಟು ಬರ್ರಿ. ನಿಮ್ಮ ಮ್ಯಾಲೆ ನಮ್ಮೆಮ್ಮಿಗೆ ಏನೂ ಸಿಟ್ಟಿಲ್ಲ” ಅಂದಳು.

ಎರಡು ಸಲಹೆ

“ರಬ್ಬರ್ ಎರಡ್ ಸಲ ಬದಲಿ ಮಾಡೀನ್ರಿ. ಕೂಗೋದು ರಬ್ಬರ್ ಅಲ್ಲ, ಸರಳು. ತಂತಿ ಬ್ರೇಕ್ ಹಾಕಿಸಿಬಿಡ್ರಿ” ಅಂದರು ಸೈಕಲ್ ಅಂಗಡಿಯ ಸಾಹೇಬರು.

ಮನೆಯಲ್ಲಿ ಹೆಂಡತಿ ಒಪ್ಪಲಿಲ್ಲ. “ನೀವು ಓಣಿ ತಿರುವಿನ್ಯಾಗ ಬ್ರೇಕ್ ಹಿಡಿದ್ರ ನಾ ಹಂಚಿನ ಮ್ಯಾಲೆ ರೊಟ್ಟಿ ಹಾಕ್ತೀನಿ. ಬಿಸಿ ರೊಟ್ಟಿ ಬೇಕೋ, ಎಮ್ಮಿ ಬೇಕೋ, ನೀವ ನೋಡ್ರಿ.”

ವಾರಗಟ್ಟಲೆ ವಿಚಾರ ಮಾಡಿ ಎಮ್ಮೆಯ ಪಕ್ಷ ಹಿಡಿದೆ. ಹಳೆಯ ಬ್ರೇಕನ್ನು ಸಾಹೇಬರ ಅಂಗಡಿಯಲ್ಲೇ ಬಿಟ್ಟು ತಂತಿ ಬ್ರೇಕು ಹಾಕಿಸಿದೆ. ಅಂದಿನಿಂದ ಆರಿದ ರೊಟ್ಟಿ ತಿಂದೆ.

ಸದ್ದಿಲ್ಲದ ಸವಾರಿ

ತಂತಿ ಬ್ರೇಕು ಬೆಣ್ಣೆಯಂತಿತ್ತು. ಹುಲಿಹೈದರದ ಎಮ್ಮೆಗಳು ಮೆಲುಕು ಹಾಕುತ್ತ ನಿಂತಲ್ಲೇ ಸೂಜಿ ಹಾಕಿಸಿಕೊಂಡವು. ಒಂದೂ ತಪ್ಪಿಸಿಕೊಳ್ಳಲಿಲ್ಲ. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅಜ್ಜಿಯ ಎಮ್ಮೆ ಮಾತ್ರ ಚುಚ್ಚಿದ ಮೇಲೆ ತಿರುಗಿ, ನನ್ನನ್ನು ಬಿಟ್ಟು ಸೈಕಲ್ಲನ್ನೇ ಬಹಳ ಹೊತ್ತು ನೋಡಿತು.

ಕನ್ಯೆ ನೋಡಲು ಬಂದವರು

ಸುಗ್ಗಿ ಮುಗಿದ ಮೇಲೆ ಅದೇ ಅಜ್ಜಿಯ ಮೊಮ್ಮಗಳನ್ನು ನೋಡಲು ವರ ಬರುವುದಿತ್ತು. ಮೊದಲು ಬಂದ ಎರಡು ಮನೆಯವರು ಒಲ್ಲೆ ಎಂದು ಹೋಗಿದ್ದರು. ಇದಾದರೂ ಕೂಡಲಿ ಎಂದು ಹುಡುಗಿಯ ಅಪ್ಪ ಹುಡುಗನ ದಾರಿ ಕಾಯುತ್ತಿದ್ದ. ಕರು ನೋಡಲು ಹೋದ ನನ್ನನ್ನೂ ಅವಲಕ್ಕಿಗೆ ಕೂಡಿಸಿಕೊಂಡಿದ್ದರು.

ಹುಡುಗ ಕನಕಗಿರಿಯಿಂದ ಬಾಡಿಗೆ ಸೈಕಲ್ ತುಳಿದುಕೊಂಡು ಬಂದ, ಹಿಂದೆ ಕ್ಯಾರಿಯರ್ ಮೇಲೆ ಸೋದರಮಾವ. ಅಂಗಳದಲ್ಲಿ ಬ್ರೇಕು ಹಿಡಿದ. ಕಿರ್ರೋ!

ನನ್ನದೇ ಬ್ರೇಕು! ಸಾಹೇಬರು ಅದನ್ನು ಎಸೆಯದೆ ತಮ್ಮ ಅಂಗಡಿಯ ಬಾಡಿಗೆ ಸೈಕಲ್ಲಿಗೆ ಕೂಡಿಸಿದ್ದರು. ಎಮ್ಮೆ ಕಣ್ಣಿ ಹರಿದು, ಅವಲಕ್ಕಿಯ ತಾಟು ತುಳಿದು, ಮಾವನ ಪಕ್ಕದಿಂದ ಹಾಯ್ದು ಹಳ್ಳ ಹಿಡಿಯಿತು.

ಮಾವನ ಮುಖ ಸಣ್ಣದಾಯಿತು. “ಹೆಣ್ಣು ನೋಡಾಕ ಬಂದಾಗ ಮನಿ ಎಮ್ಮಿ ಓಡಿಹೋತು. ಶಕುನ ಯಾಕೋ ಛಲೋ ಇಲ್ಲ” ಎಂದು ಟವೆಲ್ಲು ಕೊಡವಿ ವಾಪಸ್ಸು ಹೊರಟ. ಹುಡುಗಿಯ ಅಪ್ಪ ಅವನ ದಾರಿಗೆ ಅಡ್ಡ ನಿಂತ. ನಾನು ಬ್ರೇಕಿನ ಕಥೆ ಶುರುಮಾಡಿದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಜ್ಜಿ ಹೊಸ್ತಿಲ ಕಡೆ ನೋಡಿದಳು. ಅಲ್ಲಿ ಚಹಾದ ತಾಟು ಹಿಡಿದ ಮೊಮ್ಮಗಳು ಹುಡುಗನನ್ನು ನೋಡಿ ನಗು ತಡೆಯುತ್ತಿದ್ದಳು. ಹುಡುಗನೂ ನಗುತ್ತಿದ್ದ.

“ಕುಂದರ್ರಿ ಬೀಗ್ರ” ಅಂದಳು ಅಜ್ಜಿ. “ಓಡಿದ್ದು ಎಮ್ಮಿ. ಹುಡುಗಿ ಇಲ್ಲೇ ನಿಂತಾಳ!”