ಬರೆಯದ ಲೇಖನದ ಕೀರ್ತಿ

ಪ್ಲೊವ್ದಿವ್ ನಗರದಲ್ಲಿ ಜಾನಪದ ಕಲಿಸುವ ಪ್ರೊಫೆಸರ್ ವೆಲಿಜಾರ್ ದೋಬ್ರೆವ್ ಅವರಿಗೆ ಚಾಟ್‌ಬಾಟ್ ಎಂದರೆ ಮೈಯೆಲ್ಲ ಉರಿ. ಯಂತ್ರ ಬರೆದದ್ದನ್ನು ಮೂಸಿಯೇ ಹೇಳುತ್ತೇನೆಂದು ಅವರು ಕಂಡಕಂಡಲ್ಲಿ ಕೊಚ್ಚಿಕೊಂಡಿದ್ದರು. (ಮನೆಯಲ್ಲಿ ಒಲೆಯ ಮೇಲೆ ಹಾಲು ಸೀದರೆ ಮಾತ್ರ ಆ ಮೂಗಿಗೆ ರಜೆ.)

ಅಂದು ಬೆಳಗಿನ ಕಾಫಿಯ ಹೊತ್ತಿಗೆ, ರಾಲಿತ್ಸಾ ಎಂಬ ವಿದ್ಯಾರ್ಥಿನಿಯ ಪ್ರಬಂಧ ತಿರುವುತ್ತಿದ್ದವರು ಕೊನೆಯ ಪುಟದ ಆಕರಪಟ್ಟಿಯಲ್ಲಿ ಬೆಚ್ಚಿಬಿದ್ದರು.

"ನೋಡಿಲ್ಲಿ. 'ವೆಲಿಜಾರ್ ದೋಬ್ರೆವ್: ಗೊಜ್ಜಿನ ಕೊಪ್ಪರಿಗೆಯ ಸುತ್ತ ಅತ್ತೆ-ಅಳಿಯಂದಿರ ವ್ಯಾಜ್ಯಗಳು.' ನಾನಿದನ್ನ ಬರೆದೇ ಇಲ್ಲ. ಯಂತ್ರ ಹುಟ್ಟಿಸಿದ್ದು."

ಹೈಸ್ಕೂಲಿನಲ್ಲಿ ಲೆಕ್ಕ ಕಲಿಸುವ ಹೆಂಡತಿ ಸ್ನೆಜಿನಾ ತಲೆಯೆತ್ತಲಿಲ್ಲ. "ನೀನು ಬರೆದಿಲ್ಲ ಅನ್ನೋದನ್ನ ನಾನು ನಂಬ್ತೀನಿ. ಹತ್ತು ವರ್ಷದಿಂದ ನೀನು ಬರೆದದ್ದೆಲ್ಲ ಬರೀ ರಜಾ ಅರ್ಜಿ."

ಆ ವಾರದ ಮೌಖಿಕ ಪರೀಕ್ಷೆಯ ದಿನ, ಹುಡುಗಿಯನ್ನು ಹಿಡಿದೇಬಿಡಬೇಕೆಂದು ವೆಲಿಜಾರ್ ಎಲ್ಲರೆದುರು ಎದ್ದುನಿಂತರು. ಬಾಯಿ ತೆರೆಯುವಷ್ಟರಲ್ಲಿ, ಅವರ ಬಗ್ಗೆ ಎಂದೂ ಒಂದು ಒಳ್ಳೆಯ ಮಾತಾಡದ ಸಹಪರೀಕ್ಷಕ ಗಾಂಚೊ ಪೀವ್ ಆಕರಪಟ್ಟಿಯ ಆ ಸಾಲಿನ ಮೇಲೆ ಬೆರಳಿಟ್ಟು ಗಂಟಲು ಸರಿಮಾಡಿಕೊಂಡರು.

"ಆ ಲೇಖನ ಬಂದಾಗಲೇ ಓದಿದ್ದೆ. ದೋಬ್ರೆವ್ ಬರೆದದ್ದರಲ್ಲಿ ಓದೋ ಹಾಗಿರೋದು ಅದೊಂದೇ."

ವೆಲಿಜಾರ್ "ಧನ್ಯವಾದ" ಎಂದು ಕೂತುಬಿಟ್ಟರು. ರಾಲಿತ್ಸಾ ಪಾಸಾದಳು. ವಿಭಾಗದ ವಾರ್ಷಿಕೋತ್ಸವದ ಸಂಪುಟಕ್ಕೆ ಅದೇ ಲೇಖನ ಬೇಕೆಂದು, ಪೀವ್ ಹೊಗಳಿದ್ದು ಕಿವಿಗೆ ಬಿದ್ದ ಡೀನ್ ಕೇಳಿದರು. ಪ್ರತಿ ಕಳೆದುಹೋಗಿದೆಯೆಂದು ವೆಲಿಜಾರ್ ತೊದಲಿದರು. ಹಾಗಾದರೆ ಇನ್ನೊಮ್ಮೆ ಬರೆದುಕೊಡಿ ಎಂದಾಯಿತು.

"ಈಗಲಾದ್ರೂ ನಿಜ ಹೇಳು," ಎಂದಳು ಸ್ನೆಜಿನಾ.

"ಪೀವ್ ನಗ್ತಾನೆ."

"ಅವನೂ ಓದಿಲ್ವಲ್ಲ."

"ಅದಕ್ಕೇ ಇನ್ನೂ ಜೋರಾಗಿ ನಗ್ತಾನೆ."

"ಹಾಗಾದ್ರೆ ಹಳ್ಳಿಗೆ ಹೋಗು. ಅಮ್ಮ ಈಗ ಚಳಿಗಾಲಕ್ಕಾಗುವಷ್ಟು ಗೊಜ್ಜಿಗೆ ಮೆಣಸಿನಕಾಯಿ ಸುಡ್ತಿರ್ತಾಳೆ. ವ್ಯಾಜ್ಯಕ್ಕೆ ಅವಳ ಹತ್ರ ಬರ ಇಲ್ಲ."

ಅತ್ತೆಯ ಮನೆಯೆಂದರೆ ಪ್ರತಿ ಶರತ್ಕಾಲದಲ್ಲೂ ಸೊಂಟನೋವು ಬರಿಸಿಕೊಳ್ಳುತ್ತಿದ್ದ ಪ್ರೊಫೆಸರರು ಈ ಸಲ ವಿದ್ವತ್ತಿನ ಮಾನಕ್ಕಾಗಿ ಬಸ್ಸು ಹತ್ತಿದರು. ಅತ್ತೆ ನೆದ್ಯಾಲ್ಕಾ ಅಂಗಳದಲ್ಲಿ ಕೊಪ್ಪರಿಗೆಯ ಪಕ್ಕ ಕೂತಿದ್ದಳು.

"ಬರೆಯೋದು ಆಮೇಲೆ, ಅಳಿಯಾ. ಮೊದಲು ಸೌಟು ಹಿಡಿ. ತಳ ಹಿಡೀತೋ, ನಿನ್ನನ್ನೂ ಸೇರಿಸಿ ಕಲಸಿಬಿಡ್ತೀನಿ."

ಸಂಜೆಯವರೆಗೆ ವೆಲಿಜಾರ್ ಕಲಕಿದರು. ಹೊಗೆಗೆ ಕಣ್ಣು ಕೆಂಪಾಯಿತು, ರಟ್ಟೆ ಬಿದ್ದುಹೋಯಿತು. ಅತ್ತೆ ಊರಿನ ಅಳಿಯಂದಿರನ್ನೆಲ್ಲ ಒಬ್ಬೊಬ್ಬರಾಗಿ ಬೈದು, ಕೊನೆಗೆ ಎದುರಿಗಿದ್ದವನಿಗೆ ಬಂದಳು. ಬೈಗುಳ ಎಷ್ಟು ಚೆನ್ನಾಗಿತ್ತೆಂದರೆ, ಸೌಟು ಬಿಟ್ಟು ನಕ್ಕದ್ದಕ್ಕೆ ಇನ್ನೊಂದು ಸುತ್ತು ಬೈಸಿಕೊಂಡರು. ಮನೆಗೆ ಬಂದವರು ಬರೆಯಲು ಕೂತರೆ ಊಟಕ್ಕೂ ಏಳಲಿಲ್ಲ.

ಸ್ನೆಜಿನಾ ಓದಿದಳು. ನಕ್ಕಳು. ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. "ಇದನ್ನ ನಿಜವಾಗಲೂ ನೀನೇ ಬರೆದೆಯಾ?"

ಮದುವೆಯಾದ ಮೇಲೆ ಅವಳಿಂದ ಅವರಿಗೆ ಸಿಕ್ಕ ಅತಿ ದೊಡ್ಡ ಪ್ರಶಸ್ತಿ ಅದು.

ತಿಂಗಳ ನಂತರ ಸಂಪುಟದ ಪರಿಶೀಲಕರ ಅಭಿಪ್ರಾಯ ಬಂತು. ಕೆಳಗೆ ಗಾಂಚೊ ಪೀವ್ ಅವರ ಸಹಿ. 'ಹಿಂದಿನ ಲೇಖನದ ಗಾಂಭೀರ್ಯ ಇದರಲ್ಲಿಲ್ಲ. ಇಷ್ಟು ಸಲೀಸಾಗಿ ಓದಿಸಿಕೊಳ್ಳುವುದು ದೋಬ್ರೆವ್ ಅವರ ಶೈಲಿಯಲ್ಲ, ಚಾಟ್‌ಬಾಟ್ ಬರೆದಿರಬೇಕು. ಹಳೆಯದನ್ನೇ ಹುಡುಕಿ ಅಚ್ಚುಹಾಕುವುದು ಲೇಸು.'

ವೆಲಿಜಾರ್ ಎರಡು ಸಲ ಓದಿದರು.

"ಈಗ ಹೋಗಿ ಹೇಳು," ಎಂದಳು ಸ್ನೆಜಿನಾ. "ಇದನ್ನ ಬರೆದವನು ನಾನು, ಅದನ್ನ ಬರೆದವನು ನಾನಲ್ಲ ಅಂತ."

"ಹೇಳಬಹುದು," ಎಂದು ಪ್ರೊಫೆಸರರು ನಿಟ್ಟುಸಿರಿಟ್ಟರು. "ಆದ್ರೆ ನಾನೇ ಪರಿಶೀಲಕನಾಗಿದ್ರೆ ಆ ಎರಡು ಮಾತನ್ನೂ ನಂಬ್ತಿರಲಿಲ್ಲ."