ಮಲ್ಲಮ್ಮನ ಹನ್ನೆರಡು ನಿಂಬೆಕಾಯಿ

ಕೇಳದವರಿಗೂ ಪಾಠ ಹೇಳುವ ಚಟ ನಿವೃತ್ತ ಮೇಷ್ಟ್ರುಗಳಿಗೆ ಸಹಜ ಎಂದು ನನ್ನನ್ನು ನಾನೇ ಎಷ್ಟೋ ಸಲ ಕ್ಷಮಿಸಿಕೊಂಡಿದ್ದೇನೆ. ಈ ಒಂದು ಸಲ ಮಾತ್ರ ಆಗಲಿಲ್ಲ. ಜೇವರ್ಗಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ಈಗ ಅಫಜಲಪುರದಲ್ಲಿ ಮನೆ ಮಾಡಿಕೊಂಡಿರುವ ನಾನು, ಕಣ್ಣಿಗೆ ಕಂಡದ್ದನ್ನು ಬಿಟ್ಟು ಪುಸ್ತಕದಲ್ಲಿ ಇದ್ದದ್ದನ್ನು ಪ್ರಯೋಗದ ವಹಿಯಲ್ಲಿ ಬರೆದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವನು. ಆ ಮಕ್ಕಳಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಇಲ್ಲಿಗೇ ನಿಲ್ಲಿಸಬೇಕು.

ನಮ್ಮ ಮನೆಗೆ ಹಾಲು ಕೊಡುವ ಮಲ್ಲಮ್ಮನಿಗೆ ಹವಳಗಾ ದಾರಿಯಲ್ಲಿ ಸ್ವಲ್ಪ ಹೊಲವಿದೆ. ಸುತ್ತಲಿನವರೆಲ್ಲ ಕಬ್ಬು ಹಾಕಿದರೂ ಅವಳು ಬದುವಿನ ಆರು ನಿಂಬೆ ಗಿಡಗಳನ್ನು ಕಡಿಸಿಲ್ಲ. ಒಂದು ದಿನ ಹಾಲು ಹಾಕುತ್ತ, "ಎಲ್ಲಾ ಒಮ್ಮೆಲೆ ಹಣ್ಣಾಗ್ತಾವ್ರಿ ಸರ್, ಯಾರೂ ಕೇಳಂಗಿಲ್ಲ. ಬ್ಯಾಸಗಿ ಬಂತಂದ್ರ ಎಲ್ಲಾರೂ ಕೇಳ್ತಾರ, ಆಗ ಒಂದೂ ಇರಂಗಿಲ್ಲ" ಎಂದಳು. ನನಗೆ ಅಷ್ಟು ಸಾಕಾಯಿತು. ಹಿಂದಿನ ದಿನವಷ್ಟೇ ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿದ್ದೆ, ಅದೂ ಅರ್ಧ. ಲೋಳೆಸರದ ತಿರುಳನ್ನು ಲೇಪಿಸಿದರೆ ಹಣ್ಣಿನ ನೀರು ಬೇಗ ಆರುವುದಿಲ್ಲ, ಬೂಷ್ಟು ಬೇಗ ಹತ್ತುವುದಿಲ್ಲ, ಲೇಪ ಹೊಟ್ಟೆಗೆ ಹೋದರೂ ತೊಂದರೆಯಿಲ್ಲ. ಹಾಲಿನ ಕ್ಯಾನು ಹಿಡಿದು ನಿಂತವಳಿಗೆ ಇಡೀ ಒಂದು ಪೀರಿಯಡ್ ಪಾಠ ಮಾಡಿ, "ಹನ್ನೆರಡು ಕಾಯಿ ಕೊಡವಾ ಮಲ್ಲಮ್ಮ. ಇಪ್ಪತ್ತೈದು ದಿನದ ಮ್ಯಾಲ ನೋಡು, ಈಗ ಹರದಂಗ ಇರ್ತಾವ" ಎಂದೆ. ಅವಳು ಕಾಯಿ ಕೊಟ್ಟಳು. ಅಷ್ಟಕ್ಕೇ ಬಿಡದೆ ತನ್ನ ಮಹಿಳಾ ಸಂಘದಲ್ಲಿ ಸುದ್ದಿ ಹೇಳಿ, ಇಪ್ಪತ್ತೈದನೆಯ ದಿನಕ್ಕೆ ನನ್ನ ಭಾಷಣವನ್ನೂ ಗೊತ್ತುಮಾಡಿದಳು.

ನಾನು ತಿರುಳನ್ನು ದಪ್ಪಗೆ ಬಳಿದು, ಕಾಯಿಗಳನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿ, ಮುಚ್ಚಳ ಬಿಗಿದು ಅಡುಗೆಮನೆಯ ಮೂಲೆಯಲ್ಲಿಟ್ಟೆ. ದಿನಾ ತೆಗೆದು ನೋಡುವುದು ವಿಜ್ಞಾನದಲ್ಲಿ ನಂಬಿಕೆಯಿಲ್ಲದವರ ಕೆಲಸ ಎಂದು ಆಗ ನನಗೆ ಅನ್ನಿಸಿತ್ತು. ಇಪ್ಪತ್ತನಾಲ್ಕನೆಯ ದಿನ ಹೆಂಡತಿ ಕರೆದಳು: "ರೀ, ನಿಮ್ಮ ಲಿಂಬಿಕಾಯಿಗೆ ಗಡ್ಡ ಬಂದಾವ, ನೋಡ್ ಬರ್ರಿ." ಹಸಿರು ಬೂಷ್ಟಿನ ಗಡ್ಡ. ಹನ್ನೆರಡಕ್ಕೂ.

ಆಗಲೇ ಮಲ್ಲಮ್ಮನಿಗೆ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಮರುದಿನ ಬೆಳಿಗ್ಗೆ ಚೀಲ ಹಿಡಿದು ಸಂತೆಗೆ ಹೋದೆ. ಅಲ್ಲಿ ನಿಂಬೆಕಾಯಿ ಮಾರುತ್ತಿದ್ದ ರಜಿಯಾಬಿಯ ಬುಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಒಂದೊಂದನ್ನೇ ಒತ್ತಿ ನೋಡಿ, "ಸ್ವಲ್ಪ ಬಾಡಿದ್ದು ಇದ್ರ ಕೊಡವಾ" ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ತಾಜಾ ಇರೂವಾಗ ಬಾಡಿದ್ದು ಯಾಕ್ರಿ ಸರ್?" "ಉಪ್ಪಿನಕಾಯಿಗೆ" ಎಂದೆ. ಒಂದು ಸುಳ್ಳು ಅಲ್ಲಿ ಮುಗಿಯಿತು. ಮನೆಗೆ ಬಂದು ಹನ್ನೆರಡು ಕಾಯಿಗೂ ತೆಳ್ಳಗೆ ಲೋಳೆಸರ ಸವರಿ ಇನ್ನೊಂದು ಸುಳ್ಳನ್ನು ತಯಾರು ಮಾಡಿದೆ.

ಮಧ್ಯಾಹ್ನ ಸಂಘದ ಹೆಂಗಸರು ಜಮಖಾನೆಯ ಮೇಲೆ ತುಂಬಿ ಕೂತಿದ್ದರು. ನಾನು ಕಾಯಿಗಳ ತಟ್ಟೆಯನ್ನು ಎತ್ತಿ ತೋರಿಸಿದೆ. ಚಪ್ಪಾಳೆ ಬಿತ್ತು. ಮಲ್ಲಮ್ಮ ನನ್ನನ್ನು ತನ್ನ ಅಣ್ಣನೇ ಎಂಬಂತೆ ಹೆಮ್ಮೆಯಿಂದ ನೋಡುತ್ತಿದ್ದಳು. ಮೂರನೆಯ ಸಾಲಿನಿಂದ ಒಂದು ದನಿ ಬಂತು: "ಇವು ಎಷ್ಟು ದಿನದ್ದು ಅಂದ್ರಿ ಸರ್?" ನೋಡಿದರೆ ರಜಿಯಾಬಿ, ಅವಳೂ ಅದೇ ಸಂಘದವಳು! "ಇಪ್ಪತ್ತೈದು" ಎಂದೆ. ದನಿ ನನ್ನದೇ ಎಂದು ನಂಬಲು ಕಷ್ಟವಾಯಿತು. "ಭಾಳ ಛಲೋ ಅದಾವ್ರಿ" ಎಂದಳು. ಬೈದಿದ್ದರೆ ಹಗುರಾಗುತ್ತಿತ್ತು.

ಮಾತು ಮುಗಿಸಿ ಬಾಗಿಲ ಬಳಿ ಚಪ್ಪಲಿ ಹುಡುಕುತ್ತಿದ್ದಾಗ ರಜಿಯಾಬಿ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಮುಂಜಾನಿ ನನ್ನ ಬುಟ್ಟಿಯಿಂದ ನೀವು ಆರಿಸಿದ್ದು ಇವೇ ಅಲ್ರಿ? ನಾ ಯಾರ ಮುಂದೂ ಅನ್ನಂಗಿಲ್ಲ. ಆದ್ರ ಮಲ್ಲಮ್ಮ ಅಕ್ಕ ನಾಳೆ ಆರೂ ಗಿಡ ಹರಿತಾಳಂತ. ಎಲ್ಲಾ ಕಾಯಿಗೂ ಇದನ್ನ ಹಚ್ಚಿ ಇಡ್ತಾಳಂತ."

ಚಪ್ಪಲಿ ಅಲ್ಲೇ ಬಿಟ್ಟು ಒಳಗೆ ಹೋದೆ. "ಇವು ಮಲ್ಲಮ್ಮನ ಕಾಯಿ ಅಲ್ರವಾ. ಅವೆಲ್ಲಾ ಕೊಳತು ಹೋದವು. ಇವು ಇವತ್ತ ಸಂತ್ಯಾಗ ತಂದದ್ದು" ಎಂದೆ. ಯಾರಾದರೂ ನಗಲಿ ಎಂದು ಕಾದೆ. ಯಾರೂ ನಗಲಿಲ್ಲ. ಮಲ್ಲಮ್ಮ ಕೇಳಿದಳು: "ಅಲ್ರೀ ಸರ್, ಕೊಳತಾವ ಅಂದಿದ್ರ ನಾ ಏನ್ ಅಂತಿದ್ದೆ? ಕಾಯಿ ಕೊಳಿಯೂದು ನಾ ನೋಡಿಲ್ಲೇನು?"

ಮರುದಿನ ಮಲ್ಲಮ್ಮ, ರಜಿಯಾಬಿ ಇಬ್ಬರೂ ಮನೆಗೆ ಬಂದು ಕೊಳೆತ ಕಾಯಿಯ ಡಬ್ಬಿ ಕೇಳಿದರು. ಹಿತ್ತಲಲ್ಲಿ ನಾನು ಬಚ್ಚಿಟ್ಟಿದ್ದನ್ನು ಹೆಂಡತಿ ಸಂತೋಷದಿಂದ ತಂದುಕೊಟ್ಟಳು. ಮಲ್ಲಮ್ಮ ಮೂಸಿ ನೋಡಿ, "ಆರಸದ ಮುಚ್ಚೀರಿ. ಇವು ಉಸರ ಎಲ್ಲಿಂದ ತಗೋಬೇಕ್ರಿ?" ಎಂದಳು. ಮತ್ತೆ ಹನ್ನೆರಡು ಕಾಯಿ ತಂದು ತೊಳೆದು ಒರೆಸಿದರು. ತಿರುಳನ್ನು ಬಟ್ಟೆಯಲ್ಲಿ ಸೋಸಿ, ಅದರಲ್ಲಿ ಆರನ್ನಷ್ಟೇ ಅದ್ದಿ ನೆರಳಲ್ಲಿ ಆರಿಸಿ, ಹನ್ನೆರಡನ್ನೂ ತೆರೆದ ಬುಟ್ಟಿಯಲ್ಲಿಟ್ಟರು. ಉಳಿದ ಆರು ಯಾಕೆ ಹಾಗೇ ಬಿಟ್ಟಿರಿ ಎಂದು ಕೇಳಿ ನಾನು ಇನ್ನೊಮ್ಮೆ ಸಿಕ್ಕಿಬಿದ್ದೆ. "ಹಚ್ಚದ್ದೂ ಇಡಬೇಕಲ್ರಿ, ಇಲ್ಲಂದ್ರ ಫರಕ್ ಗೊತ್ತಾಗೂದು ಹ್ಯಾಂಗ?" ಎಂದಳು ರಜಿಯಾಬಿ. ನಾನು ಜನ್ಮವಿಡೀ ಮಕ್ಕಳಿಗೆ ಹೇಳಿಕೊಟ್ಟ ಮಾತು ಅದು.

ಇಪ್ಪತ್ತೈದನೆಯ ದಿನ ಬುಟ್ಟಿ ನೋಡಿದರೆ ಲೇಪವಿಲ್ಲದ ಆರೂ ಒಣಗಿ ಮುರುಟಿದ್ದವು. ಲೇಪವಿದ್ದ ಆರರಲ್ಲಿ ನಾಲ್ಕು ಗಟ್ಟಿಯಾಗಿದ್ದವು, ಎರಡು ಮಾತ್ರ ಮೆತ್ತಗಾಗಿದ್ದವು. ಮಲ್ಲಮ್ಮ ಆ ಎರಡನ್ನೂ ಎತ್ತಿ ಸಂಘದವರಿಗೆಲ್ಲ ತೋರಿಸಿದಳು.

ಸುದ್ದಿ ತಿಳಿದು ಆಳಂದ ಕಡೆಯ ಸಂಘದವರು ಅವರಿಬ್ಬರನ್ನೂ ಕರೆದರು. ನನಗೂ ಬರಲು ಹೇಳಿದಾಗ, ಭಾಷಣಕ್ಕಿರಬೇಕು ಎಂದು ಇಸ್ತ್ರಿ ಅಂಗಿ ಹಾಕಿಕೊಂಡೆ. ಬಸ್ಸಿನಲ್ಲಿ ಮಲ್ಲಮ್ಮ ಬುಟ್ಟಿಯನ್ನು ನನ್ನ ತೊಡೆಯ ಮೇಲಿಟ್ಟು, "ಗಟ್ಟಿ ಹಿಡಕೋರಿ ಸರ್, ಮ್ಯಾಲಿನ ಬಟ್ಟಿ ಮಾತ್ರ ತೆಗಿಬ್ಯಾಡ್ರಿ" ಎಂದಳು. ರಜಿಯಾಬಿ ಬಸ್ಸು ಹತ್ತುವಾಗ ಒಮ್ಮೆ, ಆಳಂದದಲ್ಲಿ ಇಳಿಯುವಾಗ ಇನ್ನೊಮ್ಮೆ ಕಾಯಿಗಳನ್ನು ಎಣಿಸಿದಳು. ಎರಡೂ ಸಲ ಹನ್ನೆರಡೇ ಇದ್ದವು, ಅವೇ ಇದ್ದವು. ಆದರೂ ಎರಡೂ ಸಲ ಅವಳ ಜೊತೆ ನಾನೂ ಮನಸ್ಸಿನಲ್ಲೇ ಎಣಿಸಿದೆ.