ಕಚೇರಿಯ ಉಪಯೋಗಕ್ಕೆ ಮಾತ್ರ

ಭಾನುವಾರ, ಜೂನ್ ಎಂಟು. ಬೆಳಿಗ್ಗೆ ಏಳು ಇಪ್ಪತ್ತಕ್ಕೆ ಬರೆಯಲು ಕೂತೆ.

ಇಡೀ ಚಾಮರಾಜಪುರಂನಲ್ಲಿ ಮದುವೆ ಕರೆಯೋಲೆಯನ್ನು ಕೆಂಪು ಪೆನ್ನು ಹಿಡಿದು ಓದುವವರು ಒಬ್ಬರೇ. ನನ್ನ ಗ್ರಹಚಾರಕ್ಕೆ ಅವರು ನನ್ನ ಸೋದರತ್ತೆ! ಸರ್ಕಾರಿ ಕಚೇರಿಯೊಂದರ ಕೌಂಟರಿನಲ್ಲಿ ಮೂವತ್ತು ವರ್ಷ ಅರ್ಜಿ ಪರಿಶೀಲಿಸಿ ನಿವೃತ್ತರಾದವರು. ನಿವೃತ್ತಿಯ ಸಂಗತಿ ಕಚೇರಿಗೆ ಗೊತ್ತು, ಅತ್ತೆಗೆ ಗೊತ್ತಿಲ್ಲ. ಈ ವರ್ಷ ಅವರು ವಾಪಸ್ ಮಾಡಿದ ಕರೆಯೋಲೆಗಳು ನನ್ನ ಡೈರಿಯ ಪ್ರಕಾರ ನಾಲ್ಕು. "ಮುಹೂರ್ತ ಒಂಬತ್ತು ಗಂಟೆ ಅಂತ ಹಾಕವ್ರೆ. ಬೆಳಿಗ್ಗೆಯೋ ರಾತ್ರಿಯೋ, ನಾನೇನು ಕನಸು ಕಾಣ್ಬೇಕಾ?" ತಿದ್ದಿ ಕಳಿಸಿದವರು ಸೊನ್ನೆ. ತಪ್ಪಿದ ಊಟ ನಾಲ್ಕು, ನನಗೂ ಸೇರಿ!

ಇಂಥವರ ಎದುರು ಹೋದ ವರ್ಷ ಫೆಬ್ರವರಿ ಹನ್ನೊಂದರಂದು ಲ್ಯಾಪ್‌ಟಾಪ್ ತೆರೆದದ್ದು ನನ್ನ ತಪ್ಪು. ಪ್ರೋಗ್ರಾಮ್ ಓಡುವ ಮೊದಲೇ ಅದನ್ನು ಓದಿ ತಪ್ಪು ಹೇಳುವ ಇನ್ನೊಂದು ಪ್ರೋಗ್ರಾಮ್ ಇರುತ್ತದೆ, ಅದೇ ಟೈಪ್ ಚೆಕರ್ ಎಂದು ವಿವರಿಸಿದೆ.

"ಅಂದ್ರೆ ಕೌಂಟರ್ ಗುಮಾಸ್ತೆ!" ಅತ್ತೆಯ ಕಣ್ಣು ಹೊಳೆಯಿತು.

ಡೇಟಾ ಕ್ಲಾಸ್ ಅಂದರೆ ಖಾಲಿ ಅರ್ಜಿ ನಮೂನೆ, ಫೀಲ್ಡ್ ಅಂದರೆ ಅದರ ಕಾಲಂ ಎಂದೆ. ಮುಗಿಯಿತು! ವರ್ಷ ತುಂಬುವಷ್ಟರಲ್ಲಿ ಅವರೇ ನನ್ನ ಪ್ರೋಗ್ರಾಮ್‌ಗಳನ್ನು ತಿದ್ದತೊಡಗಿದ್ದರು.

ಅವರು ಬಳಸುತ್ತಿದ್ದ ಚೆಕರ್, ಹಲವು ದೇಶದವರು ಸೇರಿ ಬಿಡುವಿನಲ್ಲಿ ಕಟ್ಟುತ್ತಿರುವ ಹೊಸದು. ಕೆಲವು ಫೀಲ್ಡ್‌ಗಳನ್ನು ಪ್ರೋಗ್ರಾಮೇ ಆಮೇಲೆ ತುಂಬಿಕೊಳ್ಳುತ್ತದೆ. ಈ ಚೆಕರ್ ಅವನ್ನೂ ಹೊರಗಿನವರೇ ತುಂಬಿಕೊಡಬೇಕೆಂದು ಹಟ ಹಿಡಿದು, ಸರಿಯಾದದ್ದನ್ನೂ ತಪ್ಪೆನ್ನುತ್ತಿತ್ತು.

"ಕಚೇರಿಯ ಉಪಯೋಗಕ್ಕೆ ಮಾತ್ರ ಅನ್ನೋ ಕಾಲಂನ ಅರ್ಜಿದಾರ ತುಂಬ್ಬೇಕಂತೆ! ಇದನ್ನ ಸರಿ ಮಾಡ್ಸೋವರ್ಗೂ ನಾನು ಬುಡಲ್ಲ ಕಣೋ."

ಚೆಕರ್ ಕಟ್ಟುತ್ತಿರುವವರಿಗೇ ತಿದ್ದುಪಡಿ ಬರೆದು ಕಳಿಸಿದರು. ವಾಪಸ್! ನಿಜಕ್ಕೂ ತುಂಬಬೇಕಾದ ಕಾಲಂ ಖಾಲಿಯಿದ್ದರೆ ಈಗಲೂ ಸಿಕ್ಕಿಬೀಳುತ್ತದೆ ಎಂಬುದಕ್ಕೆ ಒಂದೆರಡು ಉದಾಹರಣೆ ಬೇಕೆಂದು ಪರಿಶೀಲಿಸುವ ದೂರದೇಶದ ತರುಣಿ ಕೇಳಿದ್ದಳು. ಅತ್ತೆ ನಲವತ್ತೊಂದು ತಪ್ಪು ಅರ್ಜಿ ಕಳಿಸಿದರು, ಅಷ್ಟೂ ನೆನಪಿನಿಂದ! ಕಡಿಮೆ ಮಾಡಿ ಎಂದು ಮತ್ತೆ ವಾಪಸ್. ಹೀಗೆ ಒಟ್ಟು ಆರು ಸಲ.

"ಹೆಂಗೈತೆ ಅತ್ತೆ, ಕೌಂಟರಿನ ಈ ಕಡೆ ನಿಂತ್ಕೊಳ್ಳೋದು?" ಎಂದು ಕೆಣಕಿದೆ.

"ಸುಮ್ನಿರೋ. ಅವಳು ಪ್ರತಿ ಸಲ ಕಾರಣ ಬರ್ದು ಕಳಿಸ್ತಾಳೆ."

ನಿನ್ನೆ ಸಂಜೆ ನಾಲ್ಕು ಹತ್ತಕ್ಕೆ ಏಳನೆಯದಕ್ಕೆ ಒಪ್ಪಿಗೆ ಬಂತು. ನಾನು ಕುಣಿದುಬಿಟ್ಟೆ. ಅತ್ತೆ ಮಾತ್ರ ಕನ್ನಡಕ ತೆಗೆದಿಟ್ಟರು.

"ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಉದಯಗಿರಿಯಿಂದ ಒಬ್ಬಮ್ಮ ವಿಧವಾ ವೇತನದ ಅರ್ಜಿ ತಂದಿದ್ರು. ಕೊನೇ ಕಾಲಂ ಖಾಲಿ ಐತೆ ಅಂತ ಮೂರು ಸಲ ವಾಪಸ್ ಕಳಿಸ್ಬುಟ್ಟೆ. ಅದು ನಾನು ತುಂಬೋ ಕಾಲಂ ಅಂತ ಗೊತ್ತಾಗೋ ಹೊತ್ಗೆ ಅವ್ರು ಬರೋದೇ ನಿಲ್ಸಿದ್ರು ಕಣೋ."

"ಹುಡುಕ್ಲಿಲ್ವಾ?"

"ಹೋಗಿದ್ದೆ. ಮನೆ ಖಾಲಿ ಮಾಡ್ಬುಟ್ಟಿದ್ರು."

ಆಕೆ ಬೀಡಿ ಕಟ್ಟುತ್ತಿದ್ದರಂತೆ, ಎಡಗೈಯಲ್ಲಿ ಸಹಿ ಹಾಕುತ್ತಿದ್ದರಂತೆ. ಮೂವತ್ತು ವರ್ಷಕ್ಕೂ ಹಿಂದಿನ ಮಾತು. ಅವರ ಬಗ್ಗೆಯೋ ಅವರ ಮಕ್ಕಳ ಬಗ್ಗೆಯೋ ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ನನಗೆ ಬರೆಯಿರಿ. ಮನೆ ಎಲ್ಲೇ ಇರಲಿ, ಅತ್ತೆ ತಾವೇ ಬರುತ್ತಾರೆ.